ನೀಲಪ್ಪ ಬುಟ್ಟಿಯಿಂದ ಹೊರಬಂದ ಹುಣ್ಣಿಮೆ

ಇವತ್ತು ಮಾಡಿದ ಕೆಲಸಗಳು ಇಷ್ಟು. ಬಾಗಿಲಿಗೆ ನೀರು ಹಾಕಿ ಸಣ್ಣದೊಂದು ರಂಗೋಲಿ ಎಳೆದೆ. ಹಾಲು ಕಾಯಿಸಿದೆ, ಉಕ್ಕಲಿಲ್ಲ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಮಿಕ್ಸಿ ಜಾರಿನ ವಾಷರ್ ಹುಡುಕಿದೆ, ಸಿಗಲಿಲ್ಲ. ಚಟ್ನಿಯ ಆಸೆ ಬಿಟ್ಟು ಗೊಜ್ಜು ಮಾಡಿದೆ. ಸಮುದ್ರದ ಗಾಜು ಒರೆಸಿದೆ. ಸಮುದ್ರಕ್ಕೆ ಒಂದು ಚೊಂಬು ಸಿಹಿನೀರು ಹಾಕಿದೆ. ದಂಟಿನ ಸೊಪ್ಪು ತೊಳೆಯಲು ತೂತಿನ ಪ್ಲಾಸ್ಟಿಕ್ ಬುಟ್ಟಿಗಾಗಿ ಅಡುಗೆಮನೆಯನ್ನೆಲ್ಲ ಜಾಲಾಡಿದೆ. ಆಮೇಲೆ ನೆನಪಾಯಿತು, ಬುಟ್ಟಿಯಲ್ಲಿ ನೀಲಪ್ಪ ಇದ್ದಾನೆ. ಸೊಪ್ಪನ್ನು ಬೋಗುಣಿಯಲ್ಲೇ ತೊಳೆದೆ.

ಸಮುದ್ರ ಎಂದರೆ ನಮ್ಮ ಮನೆಯ ನಡುಮನೆಯಲ್ಲಿರುವ ಮೂರಡಿಯ ಗಾಜಿನ ತೊಟ್ಟಿ. ಉಪ್ಪುನೀರು, ಹವಳ, ಕಲ್ಲು, ಮೀನು ಎಲ್ಲ ಇರುವುದರಿಂದ ಅತ್ತೆ ಅದಕ್ಕೆ ಸಮುದ್ರ ಎಂದು ಹೆಸರಿಟ್ಟರು. ನೀಲಪ್ಪ ಅದರ ಮೊದಲ ನಿವಾಸಿ, ಹೆಬ್ಬೆರಳುದ್ದದ ಕಡುನೀಲಿ ಮೀನು. ಸದ್ಯಕ್ಕೆ ನನ್ನ ಸೊಪ್ಪಿನ ಬುಟ್ಟಿಯಲ್ಲಿ, ತೊಟ್ಟಿಯ ಮೂಲೆಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ ಸೆರೆಮನೆಯಲ್ಲಿ ವಾಸ. ಇವತ್ತು ಸಂಜೆಯೊಳಗೆ ಅವನ ತೀರ್ಮಾನ ಆಗಬೇಕಿತ್ತು. ಬುಟ್ಟಿಯಿಂದ ಬಿಟ್ಟ ಮೇಲೆ ಮತ್ತೆ ಹೊಸದಾಗಿ ತಂದ ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋದರೆ ಅವನು ತಂದ ಅಂಗಡಿಗೇ ವಾಪಸು. ಅಲ್ಲಿಂದ ಮುಂದೆ ಯಾರ ಮನೆಗೋ.

ಬಸವೇಶ್ವರನಗರದಲ್ಲಿ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮವರಿಗೆ ಕಾಮಾಕ್ಷಿಪಾಳ್ಯದಲ್ಲಿ ಮೋಟಾರಿನ ಕಾಯಿಲು ಸುತ್ತಿಕೊಡುವ ಅಂಗಡಿ ಇದೆ. ಹೇರೋಹಳ್ಳಿ ಕಡೆಯ ಗಿರಾಕಿಯೊಬ್ಬರು ತೊಟ್ಟಿಯ ಪಂಪನ್ನು ರಿಪೇರಿಗೆ ತಂದವರು, ಮನೆ ಬದಲಾಯಿಸುತ್ತಿದ್ದೇವೆ, ಮೂರನೇ ಮಹಡಿಗೆ ಇದನ್ನು ಹೊರುವವರು ಯಾರು ಎಂದು ಪಂಪಿನ ಹಿಂದೆ ತೊಟ್ಟಿಯನ್ನೂ ಕಳಿಸಿಬಿಟ್ಟರು. ಗೂಡ್ಸ್ ಆಟೋದಲ್ಲಿ ಅದು ಬಂದಿಳಿದ ದಿನ ನಮ್ಮವರು ಕೆಲಸ ಹಂಚಿದರು.

"ಪಂಪು ನಾನು ನೋಡ್ಕೋತೀನಿ ವಿಮಲಾ. ಮೀನು ನೀನು ನೋಡ್ಕೋ."

ಪಂಪು ಆ ದಿನದಿಂದ ಕೆಟ್ಟಿಲ್ಲ. ಮಿಕ್ಕ ಕಥೆಯೆಲ್ಲ ನನ್ನದೇ.

ಉಪ್ಪುನೀರು ಕಲಸುವುದು ನನಗೆ ಕಷ್ಟವಾಗಲಿಲ್ಲ. ಮಿಡಿ ಮಾವಿನಕಾಯಿಗೆ ಉಪ್ಪು ಹಾಕಿ ಬೆಳೆದ ಕೈ. ಮೀನು ಸಾಕುವ ಸಾಮಾನಿನ ಅಂಗಡಿಯಲ್ಲಿ ಒಂದು ಸಣ್ಣ ಕೊಳವೆ ಕೊಡುತ್ತಾರೆ, ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪು ಎಷ್ಟು ಎಂಬ ಗೆರೆ ಕಾಣುತ್ತದೆ. ಸೆಕೆಗೆ ನೀರು ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ದಿನಾ ಒಂದು ಚೊಂಬು ಸಿಹಿನೀರು. ಹದಿನೈದು ದಿನಕ್ಕೊಮ್ಮೆ ಹಳೆಯ ನೀರು ಸ್ವಲ್ಪ ತೆಗೆದು ಹೊಸ ಉಪ್ಪುನೀರು ಹಾಕಬೇಕು. ಇದನ್ನು ಕೇಳಿದ ಕೂಡಲೇ ಅತ್ತೆ ದಿನ ಗೊತ್ತು ಮಾಡಿಬಿಟ್ಟರು, ಅಮಾವಾಸ್ಯೆ ಮತ್ತು ಹುಣ್ಣಿಮೆ.

ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು ಎಂಬುದು ಅವರ ಹಿರಿಯರಿಂದ ಬಂದ ನಿಯಮ. ಅತ್ತೆ ನಿಜವಾದ ಸಮುದ್ರ ನೋಡಿದ್ದು ಒಂದೇ ಸಲ, ರಾಮೇಶ್ವರದಲ್ಲಿ. ಅದೂ ಹುಣ್ಣಿಮೆ ಅಮಾವಾಸ್ಯೆ ಯಾವುದೂ ಅಲ್ಲದ ಏಕಾದಶಿಯ ದಿನವಾದ್ದರಿಂದ ದಡದಲ್ಲಿ ನಿಂತು ಕೈಮುಗಿದು ಬಂದರಂತೆ, ಪಾದವನ್ನೂ ನೆನೆಸಲಿಲ್ಲವಂತೆ. ನಡುಮನೆಯ ಸಮುದ್ರಕ್ಕೂ ಅದೇ ನಿಯಮ. ದಿನವಿಡೀ ಅದರೆದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಗಾಜಿನ ಮೇಲೆ ಬೆರಳಾಡಿಸುತ್ತಾರೆ, ನೀರಿಗೆ ಮಾತ್ರ ಕೈ ಹಾಕುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳಂದು ತುದಿಬೆರಳು ಅದ್ದಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

"ಹಾಗಾದ್ರೆ ದಿನಾ ಕೈ ಹಾಕೋ ನನಗೆ ದೋಷ ಇಲ್ವಾ ಅತ್ತೆ?"

"ಕೆಲಸ ಮಾಡೋರಿಗೆ ಏನು ದೋಷ? ಸುಮ್ಮನೆ ಮುಟ್ಟೋರಿಗೆ ಕಣೇ ದೋಷ."

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಈಗ ಫ್ರೀಜರಿನಲ್ಲಿ ಬಟಾಣಿಯ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಮೀನಿಗೆಂದು ತಂದ ಸಣ್ಣ ಸೀಗಡಿ. ಅತ್ತೆ ಏನೆನ್ನುತ್ತಾರೋ ಎಂದು ಹೆದರಿದ್ದೆ. "ಹುಲಿಗೆ ಹುಲ್ಲು ಹಾಕೋಕಾಗುತ್ತಾ" ಎಂದು ಹೇಳಿ, ಡಬ್ಬಿಯ ಮುಚ್ಚಳಕ್ಕೆ ತಾವೇ ಕೆಂಪು ದಾರ ಕಟ್ಟಿದರು, ಗುರುತಿಗೆ.

ನೀಲಪ್ಪನನ್ನು ತಂದದ್ದು ವಿಜಯನಗರದ ಅಂಗಡಿಯಿಂದ. ಅಂಗಡಿಯ ಬಸು ಗದಗದ ಕಡೆಯವನು. ತಾನೂ ಸಮುದ್ರ ನೋಡಿಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾನೆ. ತೊಟ್ಟಿಯ ನೀರು ಹದಕ್ಕೆ ಬಂದ ಮೇಲೆ ಮೊದಲ ಮೀನು ಯಾವುದು ಹಾಕಲಿ ಎಂದು ಕೇಳಿದಾಗ ಅವನು ಈ ನೀಲಿಯನ್ನು ತೋರಿಸಿದ.

"ಡ್ಯಾಮ್ಸೆಲ್ ತಗೋರಿ ಅಕ್ಕಾರ. ಭಾಳ ಗಟ್ಟಿ ಮೀನ. ಉಪ್ಪು ಹೆಚ್ಚಾದ್ರೂ ಸಾಯಂಗಿಲ್ಲ, ಕರೆಂಟ್ ಹೋದ್ರೂ ಸಾಯಂಗಿಲ್ಲ."

ಹೊಸಬಳಾದ ನಾನು, ಸಾಯುವುದಿಲ್ಲ ಎಂಬ ಮಾತಿಗೇ ಸೋತೆ. ಬದುಕುತ್ತದೆಯೇ ಎಂದು ಕೇಳಿದೆನೇ ಹೊರತು ಯಾರ ಜೊತೆ ಬದುಕುತ್ತದೆ ಎಂದು ಕೇಳಲಿಲ್ಲ. ಮೂರಡಿಯ ಸಮುದ್ರದಲ್ಲಿ ಒಬ್ಬನೇ ಬಹಳ ದಿನ ಇದ್ದವನು ಎಡಮೂಲೆಯ ದೊಡ್ಡ ಕಲ್ಲಿನ ಪೊಟರೆಯನ್ನು ಮಲಗುವ ಕೋಣೆ ಮಾಡಿಕೊಂಡ. ನಡುವಿನ ಬಂಡೆ ಅವನ ಹಜಾರ. ಬಲಗಡೆ ಅವನ ಹಿತ್ತಿಲು. ನಾನು ಗಾಜು ಒರೆಸಲು ಕೈ ಹಾಕಿದರೆ ಬಂದು ಬೆರಳು ಕಚ್ಚುತ್ತಿದ್ದ. ನೋಯುತ್ತಿರಲಿಲ್ಲ, ಆದರೆ ಅವಮಾನವಾಗುತ್ತಿತ್ತು.

ಮೊದಲು ಬಂದವರ ಗತ್ತು ನನಗೇನೂ ಹೊಸದಲ್ಲ. ರಾಜಾಜಿನಗರದಲ್ಲಿ ನಾನು ಬೆಳೆದದ್ದು ವಠಾರದಲ್ಲಿ. ಸಾಲಾಗಿ ಮನೆಗಳು, ಕೊನೆಯಲ್ಲೊಂದು ನಲ್ಲಿ, ನಲ್ಲಿಯ ಎದುರು ರುಕ್ಕಮ್ಮನವರ ಮನೆ. ವಠಾರ ಕಟ್ಟಿದ ಕೂಡಲೇ ಬಂದವರು ಅವರು. ನಲ್ಲಿ ಎಲ್ಲರದ್ದಾದರೂ ಅದರ ಪಕ್ಕದ ಕಲ್ಲು ಅವರದು. ಆ ಕಲ್ಲಿನ ಮೇಲೆ ಬೇರೆಯವರ ಬಿಂದಿಗೆ ಕಂಡರೆ ಅದು ತಾನಾಗಿ ಉರುಳುತ್ತಿತ್ತು. ಹೊಸ ಬಾಡಿಗೆಯವರು ಬಂದರೆ ಮೊದಲ ವಾರ ಅವರ ಮನೆಯಲ್ಲಿ ಬಟ್ಟೆ ಒಗೆಯುವ ಸದ್ದೇ ಇರುತ್ತಿರಲಿಲ್ಲ. ಅದೇ ರುಕ್ಕಮ್ಮ ನನಗೆ ಜ್ವರ ಬಂದಾಗ ರಾಗಿ ಗಂಜಿ ಮಾಡಿಕೊಂಡು ಬಂದು ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದರು. ಕೆಟ್ಟವರಲ್ಲ. ಮೊದಲು ಬಂದವರು, ಅಷ್ಟೆ.

ನೀಲಪ್ಪನೂ ಹಾಗೆಯೇ. ಅತ್ತೆ ಬೆಳಗ್ಗೆ ಕುರ್ಚಿಯಲ್ಲಿ ಕೂತು ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಎಲ್ಲಿದ್ದರೂ ಓಡಿಬಂದು ಬೆರಳಿನೆದುರು ನಿಲ್ಲುತ್ತಾನೆ. ಬೆರಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಅತ್ತೆ ಅವನಿಗೆ ಊರಿನ ಸುದ್ದಿಯೆಲ್ಲ ಹೇಳುತ್ತಾರೆ. ಅವನು ಬಾಯಿ ತೆರೆದು ಮುಚ್ಚುತ್ತಾನೆ. ಮನೆಯಲ್ಲಿ ಅವರ ಮಾತಿಗೆ ಅಷ್ಟು ಹೂಂಗುಟ್ಟುವವರು ಬೇರೆ ಯಾರೂ ಇಲ್ಲ.

ಆಮೇಲೆ ಬಂದದ್ದು ಕ್ಲೌನ್ ಮೀನಿನ ಜೋಡಿ, ಕಿತ್ತಳೆಗೆ ಬಿಳಿ ಪಟ್ಟೆ. ಅವರು ನೀಲಪ್ಪನಿಗೆ ಸೊಪ್ಪು ಹಾಕಲಿಲ್ಲ. ಪಂಪಿನ ಕೆಳಗೆ ಒಂದು ಮೂಲೆ ಹಿಡಿದು ಎರಡು ದಿನ ಜಗಳವಾಡಿ ಗೆದ್ದುಕೊಂಡರು. ಈ ಜೋಡಿಯಲ್ಲಿ ದೊಡ್ಡದು ಹೆಂಡತಿ, ಚಿಕ್ಕದು ಗಂಡ. ಹೆಂಡತಿ ಹೇಳಿದ ಕಡೆ ಗಂಡ ನಿಲ್ಲಬೇಕು. ಇದನ್ನು ನಮ್ಮವರಿಗೆ ಓದಿ ಹೇಳಿದಾಗ, "ಇದನ್ನ ತಿಳ್ಕೊಳ್ಳೋಕೆ ತೊಟ್ಟಿ ಬೇಕಾಗಿತ್ತಾ" ಎಂದರು.

ಇನ್ನೊಂದು ಮೀನಿಗೆ ಜಾಗವಿತ್ತು. ಈ ಸಲ ನಾನು ಸುಮ್ಮನೆ ಹೋಗಲಿಲ್ಲ. ಹೊರಡುವಾಗ ಅತ್ತೆ ಮೂರು ಪ್ರಶ್ನೆ ಕಟ್ಟಿಕೊಟ್ಟರು: ಎಷ್ಟು ದೊಡ್ಡದಾಗುತ್ತೆ, ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ. ಅವರ ಕಾಲದಲ್ಲಿ ಹೆಣ್ಣು ಗಂಡು ನೋಡಲು ಹೊರಟವರಿಗೆ ಹಿರಿಯರು ಇದಕ್ಕಿಂತ ಹೆಚ್ಚು ಪ್ರಶ್ನೆ ಕೊಡುತ್ತಿದ್ದರು, ಆದರೆ ಇಷ್ಟು ಒಳ್ಳೆಯ ಪ್ರಶ್ನೆಗಳಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬಸುವಿನ ಅಂಗಡಿಯಲ್ಲಿ, ಜೊತೆಗೆ ಬಂದಿದ್ದ ನಮ್ಮವರು ಮದುವೆ ಛತ್ರದಲ್ಲಿ ಸಿಹಿ ಬಡಿಸುವ ಕಡೆ ನೋಡುವಂತೆ ಎಲ್ಲ ತೊಟ್ಟಿಗಳನ್ನೂ ನೋಡಿ, ತಟ್ಟೆಯಂಥ ಹಳದಿ ಮೀನೊಂದನ್ನು ತೋರಿಸಿದರು.

"ಬ್ಯಾಡ್ರಿ ಸರ" ಎಂದ ಬಸು. "ಇದು ಬೆಳೀತದ. ದಿನಾ ಓಡಾಡಾಕ ಉದ್ದಕ ಜಾಗಾ ಬೇಕ ಅದಕ್ಕ. ನಿಮ್ಮ ಟ್ಯಾಂಕ್ ಸಾಲಂಗಿಲ್ಲ."

"ಸರಿ, ಆ ಚಿಟ್ಟೆ ತರಹ ಇರೋದು?"

"ಅದು ಹವಳ ಕಡದು ತಿಂತದ್ರಿ."

"ಆ ರೇಷ್ಮೆ ಸೀರೆ ಥರ ಇದೆಯಲ್ಲ, ಹಸಿರು ನೀಲಿ?"

"ಅದು ಭಾಳ ಚಂದ ಐತ್ರಿ. ಆದ್ರ ಕಲ್ಲಿನ ಮ್ಯಾಲಿನ ಸಣ್ಣ ಹುಳ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ. ನಿಮ್ಮಲ್ಲಿ ಉಪವಾಸ ಬೀಳ್ತದ."

ನಮ್ಮ ದೊಡ್ಡಪ್ಪ ಹೀಗೆಯೇ, ಪರರ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಅವರನ್ನು ಉಳಿಸಿಕೊಳ್ಳುವುದೆಂದರೆ ಮನೆಮಂದಿಗೆ ನಡುಕ. ಆ ಮೀನನ್ನು ಬಿಟ್ಟೆ. ಇನ್ನೊಂದು ನೀಲಿಯನ್ನು ಬಸುವೇ ಬೇಡವೆಂದ: ಒಂದೇ ಬಣ್ಣ ಒಂದೇ ಆಕಾರದವು ಎರಡಿದ್ದರೆ ಆಗಿಬರುವುದಿಲ್ಲವಂತೆ. ನಮ್ಮ ಬಡಾವಣೆಯ ಸಂಘದಲ್ಲಿ ಇಬ್ಬರು ಕಾರ್ಯದರ್ಶಿಗಳಿದ್ದ ವರ್ಷ ಪಾರ್ಕಿನ ದೀಪ ಉರಿದಿರಲಿಲ್ಲ. ನನಗೆ ಬೇಗ ಅರ್ಥವಾಯಿತು.

ಕೊನೆಗೆ ಸಿಕ್ಕಿದ್ದು ಫೈರ್ ಫಿಶ್. ಬೆರಳಿನಷ್ಟೇ ತೆಳು, ಮುಂದೆ ಕೆನೆಬಿಳಿ, ಬಾಲದ ಕಡೆ ಕೆಂಡದ ಕೆಂಪು, ನೆತ್ತಿಯ ಮೇಲೊಂದು ಎಳೆ ಜಡೆಬಿಲ್ಲೆಯ ಹಾಗೆ ನಿಂತಿರುತ್ತದೆ. ಬೆಳೆಯುವುದು ಇಷ್ಟೇ. ಸೀಗಡಿ ತಿನ್ನುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ. ಹೆದರಿದರೆ ಮೇಲಕ್ಕೆ ಹಾರುತ್ತದೆ, ಆದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಬೇಕು.

"ಎಲ್ಲಿ ಮಲಗುತ್ತೆ?" ಎಂದು ಕೇಳಿದೆ.

ಬಸುವನ್ನು ಇದುವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಲೆ ಕೆರೆದುಕೊಂಡು, "ಕಲ್ಲಿನ ತೂತಿನ್ಯಾಗ ಹೊಕ್ಕೊಂಡು ಮಕ್ಕೋತದ್ರಿ" ಎಂದ.

ನಮ್ಮ ಸಮುದ್ರದ ತೂತುಗಳೆಲ್ಲ ಯಾರ ಹೆಸರಿನಲ್ಲಿವೆ ಎಂದು ಆ ಕ್ಷಣ ನನಗೆ ಹೊಳೆಯಬೇಕಿತ್ತು.

ಕೆಂಪಿ ಎಂದು ಅತ್ತೆ ಹೆಸರಿಟ್ಟ ಈ ಹೊಸಬಳು ನೀರಿಗಿಳಿದ ಕೂಡಲೇ ನೀಲಪ್ಪ ಅಟ್ಟಿಸಿಕೊಂಡು ಬಂದ. ಯಾವ ಪೊಟರೆಗೆ ಹೋದರೂ ಅಲ್ಲಿ ಅವನು. ಎರಡು ದಿನ ಅವಳು ಪಂಪಿನ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಳು, ಒಂದು ಕಾಳೂ ಮುಟ್ಟಲಿಲ್ಲ. ನೆತ್ತಿಯ ಎಳೆ ಮಲಗಿಹೋಗಿತ್ತು. ಮೀನಿನಲ್ಲಿ ಮುಖ ಸಣ್ಣಗಾಗುವುದು ಎಂದರೇನೆಂದು ನಾನು ಆವಾಗ ಕಂಡೆ.

ಪುಂಡ ಮೀನನ್ನು ಕೆಲವು ದಿನ ಬುಟ್ಟಿಯಲ್ಲಿಟ್ಟರೆ ಹೊಸಬರು ಸುಧಾರಿಸಿಕೊಳ್ಳುತ್ತಾರೆ ಎಂದು ಬಸು ಫೋನಿನಲ್ಲಿ ಹೇಳಿದ. ಹಿಡಿಯುವುದು ಹೇಗೆ? ಬಲೆ ಕಂಡರೆ ನೀಲಪ್ಪ ಕಲ್ಲಿನೊಳಗೆ ಮಾಯ. ಆಗ ನಾನು ಅತ್ತೆಗೆ, "ಒಂಚೂರು ಬೆರಳಿಡಿ ಅತ್ತೆ" ಎಂದೆ. ಅವರು ಬೆರಳಿಟ್ಟರು. ಅವನು ಓಡಿಬಂದ. ನಾನು ಹಿಂದಿನಿಂದ ಬಲೆ ಹಾಕಿ ಎತ್ತಿದೆ.

ಅತ್ತೆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನನ್ನ ಬೆರಳಿಂದಲೇ ಹಿಡಿಸಿದೆಯಲ್ಲೇ."

ಅವತ್ತಿನಿಂದ ಅವರು ಕುರ್ಚಿಯಲ್ಲಿ ಕೂರುತ್ತಿದ್ದರು, ಗಾಜಿಗೆ ಬೆರಳಿಡುತ್ತಿರಲಿಲ್ಲ. ಬುಟ್ಟಿಯ ತೂತಿನಿಂದ ನೀಲಪ್ಪ ಅವರ ಕಡೆಗೇ ಮುಖ ಮಾಡಿಕೊಂಡಿರುತ್ತಿದ್ದ. ಕೆಂಪಿ ಮಾತ್ರ ಮೆಲ್ಲಗೆ ಪಂಪಿನ ಹಿಂದಿನಿಂದ ಬಂದಳು. ಒಂದು ಸೀಗಡಿ, ಮಾರನೆಯ ದಿನ ಎರಡು. ನೆತ್ತಿಯ ಎಳೆ ಎದ್ದು ನಿಂತಿತು.

ನಿನ್ನೆ ಬಸು ಫೋನ್ ಮಾಡಿದ. ಜ್ಞಾನಭಾರತಿ ಕಡೆಯವರೊಬ್ಬರು ನಾಳೆ ಸಂಜೆ ಬರುತ್ತಾರೆ, ಅವರದು ದೊಡ್ಡ ತೊಟ್ಟಿ, ಬೇಕಾದರೆ ನೀಲಪ್ಪನನ್ನು ಅವರಿಗೆ ಕೊಡೋಣ ಎಂದ. ಅತ್ತೆ ಫೋನಿನ ಹತ್ತಿರ ಬಾಯಿ ತಂದು ಕೇಳಿದರು.

"ಆ ಮನೇಲಿ ಬೇರೆ ಯಾರ್ಯಾರಿದಾರಪ್ಪ?"

"ಲಯನ್ ಫಿಶ್ ಐತ್ರಿ ಅಜ್ಜಿ. ದೊಡ್ಡದು."

"ಅದರ ಬಾಯಿ ಎಷ್ಟಗಲ?"

"ಇವನ್ನ ನುಂಗುವಷ್ಟು ಐತ್ರಿ" ಎಂದ ಬಸು. ಸುಳ್ಳು ಹೇಳಲು ಬಾರದವನು.

ಹೀಗಾಗಿ ಇವತ್ತು, ಹುಣ್ಣಿಮೆಯ ದಿನ, ನೀರು ಬದಲಾಯಿಸುವ ಹೊತ್ತಿಗೆ ಅವನನ್ನು ಬಿಟ್ಟು ನೋಡುವುದೆಂದು ನಿಶ್ಚಯವಾಯಿತು. ನಮ್ಮವರು ಅಂಗಡಿಯಿಂದ ಬೇಗ ಬಂದಿದ್ದರು. ನಾನು ಒಂದು ಕೈಯಲ್ಲಿ ಬಲೆ ಹಿಡಿದು, ಬುಟ್ಟಿಯ ಕ್ಲಿಪ್ಪಿಗೆ ಇನ್ನೊಂದು ಕೈ ಹಾಕಿದೆ.

"ತಡಿ" ಎಂದರು ಅತ್ತೆ. "ಮೊದಲು ಕಲ್ಲುಗಳನ್ನ ಬೇರೆ ಬೇರೆ ಕಡೆ ಇಡು."

"ಯಾಕೆ ಅತ್ತೆ?"

"ಅವನ ಮನೆ ಅವನಿಗೆ ಹಾಗೇ ಸಿಕ್ಕಿದ್ರೆ ಮತ್ತೆ ಅದೇ ದರ್ಬಾರು. ಅವನಿಗೂ ಹೊಸದಾಗ್ಲಿ. ಅವನೂ ಹುಡುಕಲಿ."

ಮಂಡಿಯ ಎಣ್ಣೆ ಮುಟ್ಟಿದ ಕೈಯನ್ನು ಕಡಲೆಹಿಟ್ಟಿನಲ್ಲಿ ಉಜ್ಜಿ, ಮೂರು ಸಲ ತೊಳೆದುಕೊಂಡು, ಬಳೆ ಮೇಲಕ್ಕೇರಿಸಿ, ಅತ್ತೆ ಸಮುದ್ರಕ್ಕೆ ಕೈ ಹಾಕಿದರು. ತುದಿಬೆರಳಲ್ಲ, ಮೊಣಕೈವರೆಗೆ. ಎಡಮೂಲೆಯ ಕಲ್ಲು ಬಲಕ್ಕೆ, ನಡುವಿನ ಬಂಡೆ ಹಿಂದಕ್ಕೆ, ಹವಳ ಅಂಟಿದ ಚಪ್ಪಟೆ ಕಲ್ಲು ಎಡಕ್ಕೆ. ಅವರು ತೋರಿಸಿದ ಕಡೆ ಭಾರದವನ್ನು ನಾನು ಸರಿಸಿದೆ. ಕ್ಲೌನ್ ದಂಪತಿಯ ಮೂಲೆಯನ್ನು ಮಾತ್ರ ಮುಟ್ಟಲಿಲ್ಲ, "ಪಾಪ, ಅವರು ತಂಟೆ ಮಾಡಿಲ್ಲ."

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

ಇಲ್ಲಿ ನಾನು ನಿಮಗೆ ಒಂದು ಹಳೆಯ ವಿಷಯ ಹೇಳಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಗ್ಗೆ ಸಾರಿನ ಒಗ್ಗರಣೆಗೆ ಇಂಗು ಎಲ್ಲಿದೆ ಅತ್ತೆ ಎಂದು ಕೇಳಿದ್ದೆ. ಅವರು ಒಂದು ಡಬ್ಬಿ ತೆಗೆದರೆ ಮೆಂತ್ಯ, ಇನ್ನೊಂದು ತೆಗೆದರೆ ಕಡಲೆಬೇಳೆ. ಸಾಸಿವೆ ಡಬ್ಬಿಯಲ್ಲಿ ಏಲಕ್ಕಿ. "ಇಲ್ಲೇ ಎಲ್ಲೋ ಇತ್ತಲ್ಲೇ" ಎನ್ನುತ್ತ ಅವರೂ ನಾನೂ ಸ್ಟೂಲು ಹತ್ತಿ ಇಳಿದು ಹುಡುಕಿದ್ದೇ ಹುಡುಕಿದ್ದು. ಸಕ್ಕರೆಯೆಂದು ಕಾಫಿಗೆ ಹಾಕಿದ್ದು ಪುಡಿಯುಪ್ಪು. ನಮ್ಮವರು ಹೊಸ ಹೆಂಡತಿ ಕೊಟ್ಟ ಕಾಫಿಯೆಂದು ಒಂದು ಮಾತೂ ಆಡದೆ ಕುಡಿದರು. ಅತ್ತೆ ಸೊಸೆ ನೆಲದ ಮೇಲೆ ಕೂತು ನಕ್ಕಿದ್ದೆವು. ಪಾಪ, ನಮ್ಮತ್ತೆಗೆ ಆಗಲೇ ಮರೆವು ಎಂದು ತವರಿನಲ್ಲಿ ಹೇಳಿಕೊಂಡೆ. ಆಮೇಲೆ ಇಬ್ಬರೂ ಸೇರಿ ಒಂದೊಂದಕ್ಕೂ ಜಾಗ ಗೊತ್ತು ಮಾಡಿದೆವು. ಅತ್ತೆಯ ಮರೆವು ನಮ್ಮ ನೆಂಟರಲ್ಲೆಲ್ಲ ಇವತ್ತಿಗೂ ನಗೆಯ ಮಾತು. ಇಂಗು ಅಂದರೆ ಸಾಕು, ಎಲ್ಲರೂ ಅವರ ಕಡೆ ನೋಡುತ್ತಾರೆ.

ಅತ್ತೆ ನೀರಿನಿಂದ ಕೈ ತೆಗೆದು ಒರೆಸಿಕೊಂಡರು.

"ನೀನು ಬರೋ ಹಿಂದಿನ ಮಧ್ಯಾಹ್ನ ಡಬ್ಬಿಗಳನ್ನೆಲ್ಲ ನಾನೇ ಅದಲು ಬದಲು ಮಾಡಿದ್ದೆ ಕಣೇ."

ನನ್ನ ಕೈಯಲ್ಲಿದ್ದ ಬಲೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಮ್ಮತ್ತೆ ಅಡುಗೆಮನೇಲಿ ಒಂದೊಂದು ಡಬ್ಬಿಗೂ ಒಂದೊಂದು ಜಾಗ. ಬೆರಳಗಲ ಆಚೆ ಇಟ್ಟರೂ ಮೂರು ದಿನ ಮಾತು. ನಾನು ಆ ಮನೇಲಿ ಎಷ್ಟೋ ದಿನ ಒಂದು ಲೋಟ ತೊಗೊಳ್ಳೋಕೂ ಹೆದರ್ತಿದ್ದೆ. ನೀನು ಬಂದಾಗ, ಹುಡುಕೋರು ಇಬ್ಬರಿರಲಿ ಅನ್ನಿಸ್ತು." ಬಳೆ ಕೆಳಗಿಳಿಸಿಕೊಳ್ಳುತ್ತ, "ಇಂಗು ಎಲ್ಲಿಟ್ಟಿದ್ದೆ ಅನ್ನೋದು ಮಾತ್ರ ನನಗೂ ನಿಜವಾಗಿ ಮರೆತುಹೋಗಿತ್ತು" ಎಂದರು.

ನಮ್ಮವರು ಬಕೆಟ್ ಕೆಳಗಿಟ್ಟರು. "ಹಾಗಾದ್ರೆ ಆ ಉಪ್ಪಿನ ಕಾಫಿ?"

"ನೀನೇನು ಹೊಸಬನಲ್ವಲ್ಲೋ ಸೀನ. ಕುಡೀಲಿ ಅಂತ ಬಿಟ್ಟೆ."

ನಾನು ಬುಟ್ಟಿಯ ಕಡೆ ತಿರುಗಿದೆ. ಕ್ಲಿಪ್ಪು ತೆಗೆದೆ.

ನೀಲಪ್ಪ ಬುಟ್ಟಿಯಿಂದ ಹೊರಬಂದು ನೇರ ಎಡಮೂಲೆಗೆ ಹೋದ. ಅಲ್ಲಿ ಪೊಟರೆ ಇರಲಿಲ್ಲ. ನಿಂತ. ನಡುವಿಗೆ ಬಂದ, ಬಂಡೆ ಇರಲಿಲ್ಲ. ಅಷ್ಟರಲ್ಲಿ ಕೆಂಪಿ ಎದುರಾದಳು. ನಾನು ಬಲೆ ಎತ್ತಿದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ನೀಲಪ್ಪ, ಕೆಂಪಿ ಮುಖಾಮುಖಿ ನಿಂತರು, ಕೆಂಪಿಯ ನೆತ್ತಿಯ ಎಳೆ ಒಂದು ಸಲ ಮಡಚಿಕೊಂಡು ಮತ್ತೆ ಎದ್ದಿತು. ನೀಲಪ್ಪ ತಿರುಗಿ ಒಂದು ಕಲ್ಲಿನ ತೂತಿಗೆ ಮೂತಿ ಹಾಕಿ ನೋಡಿದ, ಹಿಂದಕ್ಕೆ ಬಂದ, ಇನ್ನೊಂದಕ್ಕೆ ಹಾಕಿದ. ಅವಳು ಮತ್ತೊಂದು ಕಲ್ಲಿಗೆ ಹೋದಳು. ಸೀಗಡಿ ಹಾಕಿದೆ. ಒಂದು ಅವನು ತಿಂದ, ಒಂದು ಗೇಣು ದೂರದಲ್ಲಿ ಅವಳು ಒಂದು ತಿಂದಳು.

ಫೋನ್ ಬಂತು. "ಅಕ್ಕಾರ, ಅವರು ಬಂದಾರ. ಏನ ಹೇಳ್ಲಿ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ, "ನಮ್ಮ ಹುಡುಗನ್ನ ಕೊಡಲ್ಲ ಅಂತ ಹೇಳಪ್ಪ" ಎಂದರು. ಬಸು ಆ ಕಡೆಯಿಂದ, "ಚಲೋ ಆತ್ರಿ ಅಜ್ಜಿ" ಎಂದ.

ಬುಟ್ಟಿಯನ್ನು ತೊಳೆದು ಒಣಗಲು ಇಟ್ಟೆ. ಅದರಲ್ಲಿ ಇನ್ನು ಸೊಪ್ಪು ತೊಳೆಯಬಾರದು, ಬೇರೆ ತರಬೇಕು ಎಂದು ಅಪ್ಪಣೆಯಾಯಿತು.

ರಾತ್ರಿ ಅತ್ತೆಯ ಒಪ್ಪತ್ತಿಗೆ ಮೊಸರವಲಕ್ಕಿ. ನಮಗಿಬ್ಬರಿಗೆ ಅನ್ನ, ದಂಟಿನ ಸೊಪ್ಪಿನ ಹುಳಿ, ಹುರಿದ ಸಂಡಿಗೆ. ಒಗ್ಗರಣೆಗೆ ಇಂಗಿನ ಡಬ್ಬಿ ನೋಡದೆಯೇ ಕೈಗೆ ಸಿಕ್ಕಿತು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದೆ, ಸಾಸಿವೆ ಸೀದುಹೋಯಿತು. ಊಟದ ಮೇಲೆ ಕಾಫಿ ಬೇಕೇ ಎಂದು ಕೇಳಿದ್ದಕ್ಕೆ ನಮ್ಮವರು ಅಮ್ಮನ ಮುಖ ನೋಡಿ ಬೇಡ ಎಂದರು.

ತೊಟ್ಟಿಯ ದೀಪ ಆರಿದಾಗ ಮೊದಲು ಮಲಗಿದ್ದು ಕೆಂಪಿ, ಬಲಕ್ಕೆ ಬಂದಿದ್ದ ದೊಡ್ಡ ಕಲ್ಲಿನ ಪೊಟರೆಯಲ್ಲಿ. ಆಮೇಲೆ ಅತ್ತೆ, ಕುರ್ಚಿಯಲ್ಲೇ, ಗಾಜಿನ ಮೇಲೆ ಬೆರಳಿಟ್ಟುಕೊಂಡು. ನಾನು ಎಬ್ಬಿಸಲು ಹೋದೆ. ನೀಲಪ್ಪ ಬೆರಳಿನ ಎದುರೇ ನಿಂತಿದ್ದ. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದು ಹೊದಿಕೆ ತಂದು ಹೊದೆಸಿದೆ.